ಗುರ್ತ ಹತ್ತೈತೇನು? ಎಐ ಕಾಲದಲ್ಲಿ ಮನುಷ್ಯ ಅಂದ್ರೆ ಯಾರು ಅನ್ನುವ ಸಭೆಯ ಪ್ರಶ್ನೆ

ಹುಬ್ಬಳ್ಳಿಯ ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಮಳೆಗಾಲದ ಒಂದು ಭಾನುವಾರ ಪ್ರಸಂಗ, ಅಂದರೆ ಉಪದೇಶ, ತುಂಬಾ ಚೆನ್ನಾಗಿತ್ತು. ತೊಂದರೆ ಶುರುವಾಗಿದ್ದೇ ಅಲ್ಲಿಂದ. ವಿಷಯ, ಯೇಸು ಹೇಳಿದ ಕಳೆದುಹೋದ ಕುರಿಯ ಸಾಮ್ಯ, ಅಂದರೆ ದೃಷ್ಟಾಂತದ ಕಥೆ. ಮೂರು ಭಾಗ, ಪ್ರತಿ ಭಾಗಕ್ಕೊಂದು ಚಂದದ ಹೆಸರು, ನಡುವೆ ಒಂದು ಕಥೆ, ಕೊನೆಗೆ ಮತ್ತೆ ಮೊದಲಿನ ಸಾಲಿಗೇ ಬಂದು ನಿಲ್ಲುವುದು. ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ಮುಗಿಯಿತು. ನಮ್ಮ ಅಯ್ಯನೋರು, ಅಂದರೆ ಪಾದ್ರಿ, ಯಾವತ್ತೂ ಇಪ್ಪತ್ತು ನಿಮಿಷಕ್ಕೆ ಮುಗಿಸಿದವರಲ್ಲ. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ, ಎಲ್ಲರೂ ಆಯಿ ಅಂತಲೇ ಕರೆಯುವ ಎಂಬತ್ತು ದಾಟಿದ ಹಿರಿಯರೊಬ್ಬರು ನನ್ನ ಕೈ ಹಿಡಿದು ಮೆಲ್ಲಗೆ ಅಂದರು: "ಈ ವಾರ ಅಯ್ಯನೋರು ಯಾರ ಮನೀಗೂ ಹೋದಂಗ ಕಾಣಂಗಿಲ್ಲಲ್ಲೋ ತಮ್ಮಾ."

ನಮ್ಮ ಅಯ್ಯನೋರ ಪ್ರಸಂಗ ಅಂದರೆ ಅದರಲ್ಲಿ ಕೇಶ್ವಾಪುರದ ನಳದ ನೀರಿನ ತಾಪತ್ರಯ ಬರಬೇಕು, ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದವರೊಬ್ಬರ ಮೊಣಕಾಲು ನೋವು ಬರಬೇಕು, ಯಾರದೋ ಮನೆಯ ಚಹಾ ಬರಬೇಕು. ಆ ದಿನ ಕುರುಬ ಬಂದಿದ್ದ, ಆದರೆ ಯಾವುದೋ ದೇಶದ ಹಸಿರು ಗುಡ್ಡದ ಮೇಲೆ ಬಂದಿದ್ದ. ಕುರಿ ಕಾಯುವವರನ್ನು ನೋಡಬೇಕಂದರೆ ನಾವು ಗದಗ ರಸ್ತೆಗೆ ಹೋದರೆ ಸಾಕು, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಹಿಂಡು ಹೊಡೆದುಕೊಂಡು ಹೊರಟಿರುತ್ತಾರೆ. ಅವರು ಪ್ರಸಂಗದಲ್ಲಿ ಇರಲಿಲ್ಲ. ಮಾರನೇ ದಿನ ಕೇಳಿದೆ. ಅಯ್ಯನೋರು ಮುಚ್ಚಿಡಲಿಲ್ಲ, ಫೋನ್ ತೆಗೆದು ತೋರಿಸಿಯೇ ಬಿಟ್ಟರು. ಬುಧವಾರ ಒಂದು ಸಾವು, ಶುಕ್ರವಾರ ಗದಗದಲ್ಲಿ ಆಸ್ಪತ್ರೆ ಸೇರಿದ್ದ ಇಬ್ಬರನ್ನು ನೋಡುವುದು, ಶನಿವಾರ ರಾತ್ರಿ ಹತ್ತೂವರೆಗೆ ಮನೆಗೆ ಬಂದು, ಪ್ರಸಂಗ ಬರೆದುಕೊಡು ಅಂತ ಕೃತಕ ಬುದ್ಧಿಮತ್ತೆಯ (ಎಐ) ಯಂತ್ರವಾದ ಚಾಟ್‌ಜಿಪಿಟಿಯನ್ನು ಕೇಳಿದ್ದಾರೆ. ಅಂದರೆ ಆಯಿ ಹೇಳಿದ್ದು ಅರ್ಧ ತಪ್ಪು. ಆ ವಾರ ಅವರು ಎಂದಿಗಿಂತ ಜಾಸ್ತಿ ಮನೆಗಳಿಗೆ ಹೋಗಿದ್ದರು. ಪ್ರಸಂಗ ಮಾತ್ರ ಯಾರ ಮನೆಗೂ ಹೋಗಿರಲಿಲ್ಲ.

ಇದನ್ನು ದೂರು ಅಂತ ಬರೆಯುತ್ತಿಲ್ಲ. ನಾನೂ ಆಫೀಸಿನ ಅರ್ಧ ಮೇಲ್‌ಗಳನ್ನು ಅದರಿಂದಲೇ ಬರೆಸುತ್ತೇನೆ. ಆದರೆ ಆಯಿಗೆ ಅಲ್ಲಿ ಏನು ಸಿಗಲಿಲ್ಲ, ಅದಕ್ಕೆ ಹೆಸರೇನು ಅನ್ನುವುದು ತಲೆಯಲ್ಲಿ ಕೂತುಬಿಟ್ಟಿತು. ಜಗತ್ತಿನ ಬೇರೆ ಬೇರೆ ಸಭೆಗಳೂ ಈಗ ಸರಿಸುಮಾರು ಇದೇ ಪ್ರಶ್ನೆ ಹಿಡಿದುಕೊಂಡು ಕೂತಿವೆ. ಮಾತಾಡುವ, ಬರೆಯುವ, ಸಮಾಧಾನವನ್ನೂ ಹೇಳುವ ಯಂತ್ರ ಬಂದಾಯಿತು. ಇನ್ನು ಮನುಷ್ಯನದೇ ಅಂತ ಹೇಳಿಕೊಳ್ಳುವಂಥದ್ದು ಏನಿದೆ?

ಕ್ರೈಸ್ತರು ಉತ್ತರ ಹುಡುಕುವುದು ಯಾವಾಗಲೂ ಒಂದೇ ಜಾಗದಿಂದ. ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ 1ನೇ ಅಧ್ಯಾಯ, 26 ಮತ್ತು 27ನೇ ವಚನ. ದೇವರು ಮನುಷ್ಯರನ್ನು ತನ್ನ ಸ್ವರೂಪದಲ್ಲಿ ಉಂಟುಮಾಡಿದ. ಸಂಡೇ ಸ್ಕೂಲಿಗೆ ಹೋದ ಮಕ್ಕಳಿಗೆಲ್ಲ ಇದು ಬಾಯಿಪಾಠ. ತಮಾಷೆ ಏನಂದರೆ, ಈ ಸ್ವರೂಪ ಅಂದರೆ ಏನು ಅಂತ ಆ ಅಧ್ಯಾಯ ಎಲ್ಲೂ ಬಿಡಿಸಿ ಹೇಳುವುದಿಲ್ಲ. ಸುಮಾರು ಎರಡು ಸಾವಿರ ವರ್ಷದಿಂದ ಪಂಡಿತರು ವಾದ ಮಾಡುತ್ತಿರುವುದು ಅದರ ಮೇಲೆಯೇ.

ಬಹಳ ಕಾಲ ಗೆದ್ದ ಉತ್ತರ, ಬುದ್ಧಿ. ಹಳೆಯ ಕಾಲದ ಕ್ರೈಸ್ತ ಗುರು ಅಗಸ್ಟೀನರಿಂದ 13ನೇ ಶತಮಾನದ ಥಾಮಸ್ ಅಕ್ವಿನಾಸರವರೆಗೆ ದೊಡ್ಡ ದೊಡ್ಡವರು ಹೇಳಿದ್ದು ಇದನ್ನೇ. ಪ್ರಾಣಿಗಳಿಗಿಲ್ಲದ ವಿವೇಕ ನಮಗಿದೆ, ದೇವರ ಹೋಲಿಕೆ ಇರುವುದು ಅಲ್ಲಿ. ಎಮ್ಮೆಯ ಪಕ್ಕ ನಿಂತು ಹೇಳುವಾಗ ಇದು ಗಟ್ಟಿಯಾಗಿಯೇ ಇತ್ತು. ಕಂಪ್ಯೂಟರ್ ಪಕ್ಕ ನಿಂತಾಗ ಅಲುಗಾಡತೊಡಗಿತು. 1997ರಲ್ಲಿ ಡೀಪ್ ಬ್ಲೂ ಕಂಪ್ಯೂಟರ್ ಚೆಸ್‌ನಲ್ಲಿ ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರನ್ನು ಸೋಲಿಸಿದಾಗ, ಅದು ಬರೀ ಲೆಕ್ಕ ಬಿಡ್ರಿ ಅಂದೆವು. 2016ರಲ್ಲಿ ಆಲ್ಫಾಗೋ ಅನ್ನುವ ಪ್ರೋಗ್ರಾಂ ಗೋ ಅನ್ನುವ ಹಲಗೆಯಾಟದಲ್ಲಿ ದೊಡ್ಡ ಆಟಗಾರ ಲೀ ಸೆಡೋಲ್ ಅವರನ್ನು ಸೋಲಿಸಿತು. ಆಟ ತಾನೇ ಅಂದೆವು. 2022ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಬಂತು, ಈಗ "ಮಾತು ಬರ್ತದ, ಅರ್ಥ ಗೊತ್ತಿಲ್ಲ" ಅನ್ನುತ್ತಿದ್ದೇವೆ. ಈ ಮಾತು ಸುಳ್ಳು ಅಂತ ನಾನು ಹೇಳುವುದಿಲ್ಲ. ಅಕ್ವಿನಾಸ್ ಹೇಳಿದ ಬುದ್ಧಿ ಬರೀ ಲೆಕ್ಕದ ಬುದ್ಧಿಯೂ ಅಲ್ಲ, ಸತ್ಯವನ್ನು ಕಂಡು ಅದನ್ನು ಪ್ರೀತಿಸುವುದೂ ಅದರಲ್ಲಿ ಸೇರಿತ್ತು. ಆದರೆ ಜನಸಾಮಾನ್ಯರ ಮಟ್ಟಿಗೆ ಈ ವಾದ, ಬಾಡಿಗೆಯವರಿಗೆ ಒಂದೊಂದೇ ಕೋಣೆ ಬಿಟ್ಟುಕೊಡುತ್ತಾ ಕೊನೆಗೆ ತಾನು ಅಟ್ಟ ಹತ್ತಿ ಕೂತ ಮನೆ ಮಾಲೀಕನ ಕಥೆಯಾಗಿದೆ.

ಇನ್ನೊಂದು ಉತ್ತರ ನನಗೆ ಹೆಚ್ಚು ಇಷ್ಟ, ಅದನ್ನು ನಮ್ಮ ಕಡೆ ಯಾರೂ ಜಾಸ್ತಿ ಹೇಳುವುದಿಲ್ಲ. ಸ್ವರೂಪ ಅನ್ನುವಲ್ಲಿ ಹೀಬ್ರೂ ಭಾಷೆಯಲ್ಲಿರುವ ಪದ ತ್ಸೆಲೆಮ್. ಪ್ರತಿಮೆ, ವಿಗ್ರಹ ಅಂತಲೂ ಅದಕ್ಕೆ ಅರ್ಥವಿದೆ. ಆ ಕಾಲದ ರಾಜರು ತಾವು ಹೋಗಲಾಗದ ದೂರದ ಸೀಮೆಗಳಲ್ಲಿ ತಮ್ಮ ಪ್ರತಿಮೆ ನಿಲ್ಲಿಸುತ್ತಿದ್ದರು, ಇದು ನನ್ನ ನೆಲ ಅಂತ ತೋರಿಸೋಕೆ. ಸುತ್ತಲಿನ ಸಾಮ್ರಾಜ್ಯಗಳಲ್ಲಿ ದೇವರ ಪ್ರತಿರೂಪ ಅಂದರೆ ಸಾಮಾನ್ಯವಾಗಿ ರಾಜ. ಆದಿಕಾಂಡ ಬಂದು ಇಲ್ಲ, ಎಲ್ಲರೂ, ಗಂಡೂ ಹೆಣ್ಣೂ ಅಂದುಬಿಟ್ಟಿತು. ಯಾರಿಗೆ ಇದು ಬರೀ ಒಣ ಉಪದೇಶದಂತೆ ಕೇಳುತ್ತದೋ ಅವರು ಯಾವತ್ತೂ ಹೊಲದ ಗೌಡರ ಮುಂದೆ ಕೈಕಟ್ಟಿ ನಿಂತವರಲ್ಲ. ಈ ಮಾತಿಗೆ ಆಮೇಲೆ ಬರುತ್ತೇನೆ.

ಮೂರನೆಯದು ಸಂಬಂಧ. 20ನೇ ಶತಮಾನದಲ್ಲಿ ಇದನ್ನು ದೊಡ್ಡದಾಗಿ ಹೇಳಿದವರು ದೇವಶಾಸ್ತ್ರಜ್ಞ ಕಾರ್ಲ್ ಬಾರ್ಟ್. ಅವರು ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ, ಬಹಳ ವರ್ಷ ಪಾಠ ಹೇಳಿದ್ದೂ ಅಲ್ಲೇ. 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದ, ಕ್ರೈಸ್ತ ಧರ್ಮ ಸಾರುವ ನಮ್ಮ ಬಾಸೆಲ್ ಮಿಶನ್ ಇದೆಯಲ್ಲ, ಅದೇ ಊರಿನದು. ಬಾರ್ಟ್ ಪ್ರಕಾರ ಸ್ವರೂಪ ಅನ್ನುವುದು ನಮ್ಮೊಳಗೆ ಇಟ್ಟಿರುವ ಯಾವುದೋ ವಸ್ತು ಅಲ್ಲ. ಒಬ್ಬರ ಎದುರು ಒಬ್ಬರು ನಿಲ್ಲುವುದು, ನಾನು ನೀನು ಅಂತ ಆಗುವುದು, ಅದರಲ್ಲಿದೆ. ಕಂಪ್ಯೂಟರ್ ವಿಜ್ಞಾನವನ್ನೂ ದೇವಶಾಸ್ತ್ರವನ್ನೂ ಕಲಿಸುವ ಅಮೆರಿಕದ ನೋರೀನ್ ಹರ್ಜ್‌ಫೆಲ್ಡ್, ಎಐ ವಿಷಯಕ್ಕೆ ಈ ಮೂರೂ ಉತ್ತರಗಳನ್ನು ಹಚ್ಚಿ ನೋಡಿದವರಲ್ಲಿ ಮೊದಲಿಗರು. ಅವರು ವಾಲುವುದೂ ಈ ಸಂಬಂಧದ ಕಡೆಗೇ.

ಆದರೆ ಈಗ ಚಾಟ್‌ಬಾಟ್ ಜೊತೆಗೇ ರಾತ್ರಿ ಎರಡು ಗಂಟೆವರೆಗೆ ಸುಖದುಃಖ ಹೇಳಿಕೊಳ್ಳುವ ಹುಡುಗರಿದ್ದಾರೆ. ಅದು ಸಂಬಂಧ ಅಲ್ಲ ಅಂತ ಹೇಗೆ ಹೇಳುವುದು? ನನ್ನ ಸಂಡೇ ಸ್ಕೂಲ್ ಕ್ಲಾಸಿನ ಹುಡುಗಿಯೊಬ್ಬಳು ನೇರವಾಗಿ ಕೇಳಿದಳು: "ಅಂಕಲ್, ಅದು ನನ್ ಮಾತು ಪೂರ್ತಿ ಕೇಳ್ತದ. ನೀವೆಲ್ಲಾ ನಡುವ ಬಾಯಿ ಹಾಕ್ತೀರಿ." ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಪ್ರಶ್ನೆಗೆ ದಾರಿ ಸಿಕ್ಕಿದ್ದು ನಮ್ಮ ಮಾತಿನಲ್ಲೇ. ಈ ಚರ್ಚೆಯಲ್ಲೆಲ್ಲ ಬರುವ ಐಡೆಂಟಿಟಿ ಅನ್ನುವ ಪದಕ್ಕೆ ಪತ್ರಿಕೆಯವರು ಅಸ್ಮಿತೆ ಅಂತ ಬರೆಯುತ್ತಾರೆ. ಆಡುಮಾತಿನಲ್ಲಿ ನಮಗಿರುವುದು ಗುರುತು. ಈ ಗುರುತು ಅನ್ನುವುದನ್ನು ಒಬ್ಬರೇ ಕೂತು ಇಟ್ಟುಕೊಳ್ಳೋಕೆ ಬರುವುದಿಲ್ಲ, ಇನ್ನೊಬ್ಬರು ಗುರುತಿಸಬೇಕು. ಹುಬ್ಬಳ್ಳಿ ಧಾರವಾಡದಲ್ಲಿ ಇನ್ನೂ ಚಂದ ಹೇಳುತ್ತೇವೆ: ಗುರ್ತ ಹತ್ತಿತು, ಗುರ್ತ ಹತ್ತಲಿಲ್ಲ. ನಿದ್ದಿ ಹತ್ತಿದ ಹಾಗೆ, ಬೆಂಕಿ ಹತ್ತಿದ ಹಾಗೆ. ಬಸ್‌ಸ್ಟ್ಯಾಂಡಿನಲ್ಲಿ ಇಪ್ಪತ್ತು ವರ್ಷದ ನಂತರ ಸಿಕ್ಕ ಗೆಳೆಯನ ಮುಖ ನೋಡುತ್ತಾ ನಿಂತಿರುತ್ತೀರಿ, ನೋಡುತ್ತಾ ನಿಂತಿರುತ್ತೀರಿ, ಆಮೇಲೆ ಅವನು ಒಂದು ಸಲ ನಕ್ಕಾಗ ತಟ್ಟನೆ ಹತ್ತುತ್ತದೆ. ಅದನ್ನು ನೀವು ಮಾಡಿದ್ದಲ್ಲ, ನಿಮಗೆ ಆಗಿದ್ದು.

ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಯೇಸು ಸತ್ತು ಮತ್ತೆ ಎದ್ದ ಪುನರುತ್ಥಾನದ ಕಥೆಗಳನ್ನು ಈ ಕಣ್ಣಿನಿಂದ ಓದಿ ನೋಡಿ. ಯೋಹಾನನ ಸುವಾರ್ತೆ 20ರಲ್ಲಿ ಮಗ್ದಲದ ಮರಿಯಳಿಗೆ ಯೇಸು ಎದುರಿಗೇ ನಿಂತರೂ ಗುರ್ತ ಹತ್ತುವುದಿಲ್ಲ, ತೋಟದವನು ಅಂದುಕೊಳ್ಳುತ್ತಾಳೆ. ಅವನು ಅವಳ ಹೆಸರು ಹಿಡಿದು ಕರೆದಾಗ ಹತ್ತುತ್ತದೆ. ಲೂಕನ ಸುವಾರ್ತೆ 24ರಲ್ಲಿ ಎಮ್ಮಾಹುವಿನ ದಾರಿಯಲ್ಲಿ ಇಬ್ಬರು ಶಿಷ್ಯರು ಮೈಲುಗಟ್ಟಲೆ ಅವನ ಜೊತೆಗೇ ನಡೆಯುತ್ತಾರೆ, ಧರ್ಮಗ್ರಂಥದ ಅರ್ಥವನ್ನೆಲ್ಲ ಅವನ ಬಾಯಿಂದಲೇ ಕೇಳುತ್ತಾರೆ, ಆದರೂ ಹತ್ತುವುದಿಲ್ಲ. ಊಟಕ್ಕೆ ಕೂತು ರೊಟ್ಟಿ ಮುರಿದಾಗ ಹತ್ತುತ್ತದೆ. ಗಮನಿಸಿ, ಅತ್ಯುತ್ತಮ ಪ್ರಸಂಗ ಕೇಳಿದರೂ ಗುರ್ತ ಹತ್ತಲಿಲ್ಲ! ನಮ್ಮ ಆಯಿಗೆ ಆ ಭಾನುವಾರ ಆಗಿದ್ದು ಇದೇ ಅಂತ ನನಗೆ ಅನ್ನಿಸುತ್ತದೆ. ಮಾತೆಲ್ಲ ಸರಿಯಾಗಿತ್ತು. ಮಾತಾಡಿದವರ ಗುರ್ತ ಹತ್ತಲಿಲ್ಲ.

ಯಂತ್ರವೂ ಗುರುತಿಸುತ್ತದೆ, ನಿಜ. ಫೋನ್ ನನ್ನ ಮುಖ ನೋಡಿ ಬಾಗಿಲು ತೆಗೆಯುತ್ತದೆ. ಅದು ಹಳೆ ಲೆಕ್ಕಕ್ಕೆ ಹೊಸ ಲೆಕ್ಕ ತಾಳೆ ನೋಡುವುದು. ತಾಳೆಯಾದರೆ ಸರಿ, ಆಗದಿದ್ದರೆ ನಾನು ನಾನಲ್ಲ. ಇದು ಹೇಗಿರುತ್ತದೆ ಅಂತ ನೋಡಬೇಕಂದರೆ ಎಐ ತನಕ ಹೋಗುವುದೂ ಬೇಡ, ರೇಷನ್ ಅಂಗಡಿಗೆ ಹೋದರೆ ಸಾಕು. ನಾಲ್ಕು ಮನೆಯ ಪಾತ್ರೆ ತಿಕ್ಕುವ ಒಬ್ಬ ಹೆಣ್ಣುಮಗಳು ನನ್ನ ಮುಂದೆ ಪಾಳಿಯಲ್ಲಿದ್ದಳು. ಬೆರಳ ಗೆರೆ ಸವೆದುಹೋಗಿವೆ. ಹೆಬ್ಬೆಟ್ಟು ಇಟ್ಟಳು, ಒರೆಸಿ ಇಟ್ಟಳು, ಬೇರೆ ಬೆರಳು ಇಟ್ಟಳು. ಅಂಗಡಿಯವನು ಅವಳನ್ನು ಎಷ್ಟೋ ವರ್ಷದಿಂದ ಬಲ್ಲ, ಅವಳ ಗಂಡ ತೀರಿಕೊಂಡಾಗ ಮಣ್ಣಿಗೂ ಹೋಗಿದ್ದವನು. "ನನಗ ಗೊತ್ತೈತವ್ವಾ, ಮಷಿನ್ ಒಪ್ಪವಲ್ದು" ಅಂದ. ಅವನಿಗೆ ಗುರ್ತ ಹತ್ತಿದೆ, ಆದರೆ ಅವನ ಗುರ್ತಕ್ಕೆ ಬೆಲೆ ಇಲ್ಲ. ಅವಳು ಮತ್ತೊಂದು ದಿನ ಬರಬೇಕಾಯಿತು, ಅಂದರೆ ಮತ್ತೊಂದು ದಿನದ ಕೂಲಿ ಹೋಯಿತು.

ನನ್ನ ಪ್ರಕಾರ ಎಐ ಕಾಲದ ಗುರುತಿನ ಪ್ರಶ್ನೆ ಇಲ್ಲಿದೆ. ಯಂತ್ರಕ್ಕೆ ಆತ್ಮ ಬಂದೀತೇ ಅನ್ನುವುದು ಕಾಫಿ ಕುಡಿಯುತ್ತಾ ಮಾತಾಡೋಕೆ ಚಲೋ ವಿಷಯ. ಯಾರ ಗುರುತಿಸುವಿಕೆಗೆ ಬೆಲೆ ಅನ್ನುವುದು ಅನ್ನದ ವಿಷಯ. ಸಾಲ ಕೊಡಬೇಕೋ ಬೇಡವೋ ಅಂತ ಸಾಫ್ಟ್‌ವೇರ್ ಹೇಳುತ್ತದೆ. ವಿದ್ಯಾನಗರದ ಪಿಜಿಯಲ್ಲಿ ಕೂತು ಹುಡುಗ ಕಳಿಸಿದ ಅರ್ಜಿಯನ್ನು ಮನುಷ್ಯರು ಯಾರೂ ಓದುವ ಮೊದಲೇ ಸಾಫ್ಟ್‌ವೇರ್ ಸೋಸಿ ಬಿಸಾಕಿರಬಹುದು.

ಆತ್ಮದ ಮಾತು ಬಂತಲ್ಲ, ಒಂದು ಸಣ್ಣ ಸಂಗತಿ. ಯಂತ್ರ ಯೋಚಿಸಬಲ್ಲದೇ ಅಂತ ಗಣಿತಜ್ಞ ಅಲನ್ ಟ್ಯೂರಿಂಗ್ 1950ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಒಂಬತ್ತು ಆಕ್ಷೇಪಗಳಿಗೆ ಉತ್ತರ ಕೊಡುತ್ತಾರೆ. ಮೊದಲನೆಯದೇ ದೇವಶಾಸ್ತ್ರದ ಆಕ್ಷೇಪ, ಅಂದರೆ ಆತ್ಮ ಕೊಟ್ಟಿದ್ದು ಮನುಷ್ಯನಿಗೆ ಮಾತ್ರ ಅನ್ನುವುದು. ಟ್ಯೂರಿಂಗ್ ದೇವಭಕ್ತರೇನಲ್ಲ, ಆದರೂ ಉತ್ತರ ಜಾಣತನದ್ದು. ದೇವರು ಮನಸ್ಸು ಮಾಡಿದರೆ ಆನೆಗೂ ಆತ್ಮ ಕೊಡಬಹುದಲ್ಲವೇ, ಆತನ ಶಕ್ತಿಗೆ ನೀವು ಯಾಕೆ ಬೇಲಿ ಹಾಕುತ್ತೀರಿ ಅಂತ ಕೇಳುತ್ತಾರೆ. ಮಕ್ಕಳನ್ನು ಹೆರುವಾಗ ನಾವು ದೇವರ ಅಧಿಕಾರ ಕಿತ್ತುಕೊಳ್ಳುವುದಿಲ್ಲ, ಆತ ಕೊಡುವ ಆತ್ಮಕ್ಕೆ ಮನೆ ಕಟ್ಟಿಕೊಡುತ್ತೇವೆ ಅಷ್ಟೇ, ಯಂತ್ರವೂ ಹಾಗೇ ಅನ್ನುತ್ತಾರೆ. ಕ್ರೈಸ್ತರಲ್ಲೂ ಈ ಬಾಗಿಲನ್ನು ಪೂರ್ತಿ ಮುಚ್ಚದವರಿದ್ದಾರೆ. 1990ರ ದಶಕದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ರೋಬೋಟ್ ಲ್ಯಾಬಿನಲ್ಲಿದ್ದ ಲುಥೆರನ್ ದೇವಶಾಸ್ತ್ರಜ್ಞೆ ಆನ್ ಫರ್ಸ್ಟ್ ಅಂಥವರು. ಆದರೆ ಹೆಚ್ಚಿನವರು ಮುಚ್ಚಿದ್ದಾರೆ. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಸಭೆಗಳ ನೈತಿಕ ವಿಷಯಗಳ ವಿಭಾಗ 2019ರ ಏಪ್ರಿಲ್‌ನಲ್ಲಿ 12 ಅಂಶಗಳ ಹೇಳಿಕೆ ಹೊರಡಿಸಿ, ಯಾವ ತಂತ್ರಜ್ಞಾನಕ್ಕೂ ಮನುಷ್ಯನ ಗುರುತು, ಬೆಲೆ, ಘನತೆ ಕೊಡಬಾರದು ಅಂದಿತು.

ಕ್ಯಾಥೊಲಿಕರು ಇನ್ನೂ ವಿವರವಾಗಿ ಬರೆದಿದ್ದಾರೆ. 2025ರ ಜನವರಿ 28ರಂದು ವ್ಯಾಟಿಕನ್ ಹೊರಡಿಸಿದ, 117 ಪ್ಯಾರಾಗಳ ಆಂಟಿಕ್ವಾ ಎಟ್ ನೋವಾ ಈ ವಿಷಯದಲ್ಲಿ ಒಂದು ದೊಡ್ಡ ದಾಖಲೆ. ಹಳೆಯದು ಮತ್ತು ಹೊಸದು ಅಂತ ಆ ಲ್ಯಾಟಿನ್ ಹೆಸರಿನ ಅರ್ಥ. ನಾನು ಪ್ರೊಟೆಸ್ಟೆಂಟ್, ಆದರೂ ಓದಿ ತಲೆದೂಗಿದೆ. ಎಐ ಅನ್ನುವುದು ಮನುಷ್ಯ ಬುದ್ಧಿಯ ಇನ್ನೊಂದು ರೂಪ ಅಲ್ಲ, ಮನುಷ್ಯ ಬುದ್ಧಿಯಿಂದ ತಯಾರಾದ ಒಂದು ವಸ್ತು ಅನ್ನುತ್ತದೆ. ಅದಕ್ಕಿಂತ ಮುಖ್ಯ ಇನ್ನೊಂದು ಮಾತಿದೆ. ಮನುಷ್ಯನ ಬೆಲೆ ಅವನ ಕೌಶಲ, ಬುದ್ಧಿ, ಗೆಲುವಿನ ಮೇಲೆ ನಿಂತಿಲ್ಲ. ಹುಟ್ಟದ ಮಗು, ಪ್ರಜ್ಞೆ ಇಲ್ಲದೆ ಮಲಗಿದವರು, ನರಳುತ್ತಿರುವ ಮುದುಕರು, ಇವರ ಘನತೆ ಒಂದು ಕೂದಲಷ್ಟೂ ಕಡಿಮೆಯಲ್ಲ. ಬುದ್ಧಿಯೇ ಸ್ವರೂಪ ಅಂತ ಹಟ ಹಿಡಿದರೆ ಇವರೆಲ್ಲ ಹೊರಗೆ ಬೀಳುತ್ತಾರೆ. ಎಐ ಬರುವ ಮೊದಲೇ ಬೀಳುತ್ತಿದ್ದರು, ನಾವು ನೋಡಿರಲಿಲ್ಲ ಅಷ್ಟೇ.

ಆಮೇಲೆ ದುಡಿಮೆ. 2025ರ ಮೇ 8ರಂದು ಆಯ್ಕೆಯಾದ ಪೋಪ್, ಲಿಯೋ ಅನ್ನುವ ಹೆಸರು ಯಾಕೆ ಇಟ್ಟುಕೊಂಡೆ ಅಂತ ಎರಡು ದಿನ ಬಿಟ್ಟು ಕಾರ್ಡಿನಲ್‌ಗಳಿಗೆ ಹೇಳಿದರು. 1891ರಲ್ಲಿ 13ನೇ ಲಿಯೋ ಅವರು ಕಾರ್ಖಾನೆಗಳ ಕಾಲದ ಕೂಲಿಕಾರರ ಹಕ್ಕಿನ ಬಗ್ಗೆ ರೇರುಂ ನೊವಾರುಂ ಪತ್ರ ಬರೆದಿದ್ದರು. ಈಗ ಎಐ ಇನ್ನೊಂದು ಕೈಗಾರಿಕಾ ಕ್ರಾಂತಿ, ಘನತೆ, ನ್ಯಾಯ, ದುಡಿಮೆ ಮೂರಕ್ಕೂ ಸವಾಲು ಅಂತ ಅವರ ಮಾತು. ಬೆಟಗೇರಿಯ ಕೈಮಗ್ಗದವರಿಗೆ ಪವರ್‌ಲೂಮ್ ಬಂದಾಗ ಏನಾಯಿತು ಅಂತ ಯಾರೂ ವ್ಯಾಟಿಕನ್ನಿನಿಂದ ಬಂದು ಹೇಳಬೇಕಾಗಿಲ್ಲ. ಈಗ ಧಾರವಾಡದಲ್ಲೇ ಐಐಟಿ ಇದೆ, ಐಐಐಟಿಯಲ್ಲಿ ಎಐ ಅನ್ನೇ ಬಿ.ಟೆಕ್‌ನಲ್ಲಿ ಓದಿಸುತ್ತಾರೆ. ಕಲಿತ ಹುಡುಗರಿಗೆ ದಾರಿ ಇದೆ. ಡೇಟಾ ಎಂಟ್ರಿ, ಕಾಲ್ ಸೆಂಟರ್, ಡಿಟಿಪಿ ನಂಬಿಕೊಂಡ ಹುಡುಗಿಯರಿಗೆ? ಇನ್ನೊಂದು ಕಡೆ, ಈ ಯಂತ್ರಕ್ಕೆ ಇದು ಸೈಕಲ್, ಇದು ಎಮ್ಮೆ ಅಂತ ಚಿತ್ರಕ್ಕೆ ಚೀಟಿ ಹಚ್ಚಿ ಕಲಿಸುವ ಕೆಲಸವನ್ನು ಸಣ್ಣ ಊರುಗಳ ಸಾವಿರಾರು ಜನ ಕೂತು ಮಾಡುತ್ತಾರೆ. ಯಂತ್ರದ ಬುದ್ಧಿ ಅಂತ ನಾವು ಬೆರಗಾಗುವ ಎಷ್ಟೋ ಕಡೆ ಅವರ ಕಣ್ಣು ಬೆರಳು ಇದೆ. ಅವರ ಹೆಸರು ಎಲ್ಲೂ ಬರುವುದಿಲ್ಲ.

ಈಗ ಮೈಯ ವಿಷಯ. ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಆದಿಯಲ್ಲಿ ವಾಕ್ಯವಿತ್ತು, ಅಂದರೆ ದೇವರ ಮಾತಿತ್ತು, ಅಂತ ಬರುತ್ತದೆ. ಆ ವಾಕ್ಯ ನರಾವತಾರ ಎತ್ತಿತು, ಮನುಷ್ಯನಾಯಿತು ಅಂತ ನಮ್ಮ ಹಳೆಯ ಕನ್ನಡ ಸತ್ಯವೇದ ಹೇಳುತ್ತದೆ. ಚಿಕ್ಕಂದಿನಲ್ಲಿ ಈ ಪದ ಕೇಳಿ ಇದು ನಮ್ಮ ಪಕ್ಕದ ಮನೆಯವರ ಪುರಾಣದ ಪದ ಅಲ್ವಾ ಅಂದುಕೊಂಡಿದ್ದೆ. ಈಗ ಅದು ಎಷ್ಟು ಸರಿಯಾದ ಪದ ಅನ್ನಿಸುತ್ತದೆ. ಚಾಟ್‌ಜಿಪಿಟಿಯಂಥದ್ದು ಅಂದರೆ ಏನು? ಬರೀ ವಾಕ್ಯ. ಕೋಟಿಗಟ್ಟಲೆ ಪುಟ ತಿಂದು, ಮುಂದಿನ ಪದ ಯಾವುದು ಬರಬಹುದು ಅಂತ ಅಂದಾಜು ಮಾಡುತ್ತಾ ಹೊರಟ ವಾಕ್ಯ. ಅದಕ್ಕೆ ಹಸಿವಿಲ್ಲ, ನಾಳೆ ಬೆಳಿಗ್ಗೆ ಸಾಯುವ ಭಯವಿಲ್ಲ, ಕೊಟ್ಟ ಮಾತಿಗೆ ನಿಲ್ಲೋಕೆ ಕಾಲಿಲ್ಲ. ಕ್ರೈಸ್ತ ನಂಬಿಕೆ ಹೇಳುವ ದೇವರು ಬರೀ ವಾಕ್ಯವಾಗಿ ಉಳಿಯಲು ಒಪ್ಪಲಿಲ್ಲ. ಹೊಟ್ಟೆ ಹಸಿಯುವ, ಬೆವರುವ, ಗೆಳೆಯ ಸತ್ತಾಗ ಅಳುವ ಮೈ ತೊಟ್ಟ. ಆದಿಕಾಂಡ 2ರಲ್ಲಿ ಮನುಷ್ಯನನ್ನು ಮಾಡುವುದೂ ಮಣ್ಣಿನಿಂದ, ಮೂಗಿಗೆ ಉಸಿರು ಊದಿ. ಹಾಗಾಗಿ ಮನುಷ್ಯ ಅಂದರೆ ಮಾಹಿತಿ, ಅದನ್ನು ಒಂದು ದಿನ ಕಂಪ್ಯೂಟರಿಗೆ ಹಾಕಿ ಸಾವು ಗೆಲ್ಲಬಹುದು ಅನ್ನುವವರ ಜೊತೆ ಕ್ರೈಸ್ತರು ಕೂರುವುದು ಕಷ್ಟ. ನಾವು ನಂಬಿಕೆ ಹೇಳಿಕೊಳ್ಳುವ ವಿಶ್ವಾಸಪ್ರಮಾಣದಲ್ಲೇ ಸತ್ತ ದೇಹಗಳು ಏಳುತ್ತವೆ ಅಂತಿದೆ, ಫೈಲು ಉಳಿಯುತ್ತದೆ ಅಂತಿಲ್ಲ.

ಮೈ ಇಲ್ಲದ ವಾಕ್ಯಕ್ಕೆ ಅಯ್ಯನೋರ ಅಂಗಿ ತೊಡಿಸಿದರೆ ಏನಾಗುತ್ತದೆ ಅಂತ ಜನ ಮಾಡಿಯೂ ನೋಡಿದ್ದಾರೆ. 2023ರ ಜೂನ್ 9ರಂದು ಜರ್ಮನಿಯ ಫ್ಯೂರ್ಟ್ ಊರಿನ ಚರ್ಚಿನಲ್ಲಿ ಸುಮಾರು ಪೂರ್ತಿ ಆರಾಧನೆಯನ್ನೇ ಚಾಟ್‌ಜಿಪಿಟಿ ತಯಾರಿಸಿತು. ಪರದೆ ಮೇಲಿನ ಮುಖಗಳು 40 ನಿಮಿಷ ನಡೆಸಿಕೊಟ್ಟವು. 300ಕ್ಕೂ ಹೆಚ್ಚು ಜನ ಬಂದಿದ್ದರು. ಪ್ರಸಂಗ ಸರಾಗವಾಗಿತ್ತು, ಜೀವ ಇರಲಿಲ್ಲ ಅಂದವರು ಅಲ್ಲೂ ಇದ್ದರು, ನಮ್ಮ ಆಯಿಯ ಹಾಗೆ. 2024ರ ಏಪ್ರಿಲ್‌ನಲ್ಲಿ ಅಮೆರಿಕದ ಕ್ಯಾಥೊಲಿಕ್ ಆನ್ಸರ್ಸ್ ಸಂಸ್ಥೆ ಫಾದರ್ ಜಸ್ಟಿನ್ ಅನ್ನುವ ಎಐ ಪಾದ್ರಿಯನ್ನು ಬಿಟ್ಟಿತು. ಅದು ತಾನು ನಿಜವಾದ ಪಾದ್ರಿ ಅಂತ ಹೇಳಿಕೊಂಡು, ಕೇಳಿದವರ ಪಾಪನಿವೇದನೆಯನ್ನೂ ತೆಗೆದುಕೊಂಡು, ತುರ್ತಿದ್ದರೆ ಗೇಟರೇಡ್ ಅನ್ನುವ ತಂಪು ಪಾನೀಯದಲ್ಲಿ ಮಗುವಿಗೆ ದೀಕ್ಷಾಸ್ನಾನ ಕೊಡಬಹುದು ಅಂತಲೂ ಹೇಳಿತು! ಕೆಲವೇ ದಿನಕ್ಕೆ ಅದರ ಪಾದ್ರಿ ಕಾಲರ್ ಬಿಚ್ಚಿಸಿ ಬರೀ ಜಸ್ಟಿನ್ ಮಾಡಿದರು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಲೂಸರ್ನ್‌ನಲ್ಲಿ ಪಾಪನಿವೇದನೆಯ ಗೂಡಿನೊಳಗೆ ಎಐ ಯೇಸುವನ್ನು ಕೂರಿಸಿದ್ದರು, ಸುಮಾರು 900 ಸಂಭಾಷಣೆ ನಡೆದವು. ಹೋದವರಲ್ಲಿ ಎಷ್ಟೋ ಜನಕ್ಕೆ ಅದು ಒಳ್ಳೆಯ ಅನುಭವವೇ ಆಯಿತು. ಈ ಭಾಗವನ್ನು ನಮ್ಮವರು ಹೇಳುವುದಿಲ್ಲ. ಕೇಳುವ ಕಿವಿಗೆ ಜನ ಎಷ್ಟು ಹಸಿದಿದ್ದಾರೆ ಅನ್ನುವುದು ಅದರಿಂದ ಗೊತ್ತಾಗುತ್ತದೆ, ನನ್ನ ಕ್ಲಾಸಿನ ಹುಡುಗಿ ಹೇಳಿದ್ದೂ ಅದೇ.

ಅವಳಿಗೆ ನಾನು ಆಮೇಲೆ ಹೇಳಿದ್ದು ಇಷ್ಟೇ. ಅದು ನಿನ್ನ ಮಾತು ಪೂರ್ತಿ ಕೇಳುತ್ತದೆ, ನಿಜ, ಯಾಕಂದರೆ ಅದಕ್ಕೆ ಬೇರೆ ಕೆಲಸವಿಲ್ಲ, ಹೊತ್ತು ಅನ್ನುವುದೇ ಇಲ್ಲ. ನಿನ್ನ ಅಮ್ಮ ಒಲೆ ಮೇಲಿನ ಹಾಲು ಬಿಟ್ಟು ಬಂದು ಐದು ನಿಮಿಷ ಕೇಳಿದರೆ ಆ ಐದು ನಿಮಿಷಕ್ಕೆ ಅವಳು ಏನೋ ಕೊಟ್ಟಿದ್ದಾಳೆ. ಹುಡುಗಿ ಸುಮ್ನೆ ಒಪ್ಪಿಕೊಳ್ಳಲಿಲ್ಲ. "ಹಂಗಾರ ಹಾಲು ಉಕ್ಕಿದ್ರ ಬೈಬಾರ್ದು" ಅಂದಳು. ಅದೂ ಸರಿಯೇ.

ಇನ್ನು 666, ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ ಬರುವ ಕೆಟ್ಟ ಮೃಗದ ಸಂಖ್ಯೆ. ಇದನ್ನು ಬಿಟ್ಟರೆ ನಮ್ಮ ಕಡೆಯ ಓದುಗರು ನನ್ನನ್ನು ಬಿಡುವುದಿಲ್ಲ. ಪ್ರಕಟನೆ 13ರ 15ನೇ ವಚನದಲ್ಲಿ ಮೃಗದ ವಿಗ್ರಹಕ್ಕೆ ಉಸಿರು ಬಂದು ಅದು ಮಾತಾಡುತ್ತದೆ. ಅದನ್ನು ಹಿಡಿದು ಎಐ ಅಂದರೆ ಅದೇ ಮೃಗ ಅನ್ನುವ ವಿಡಿಯೋಗಳು ವಾಟ್ಸಾಪಿನಲ್ಲಿ ಬರುತ್ತಲೇ ಇವೆ. ಹಿಂದೆ ಬಾರ್‌ಕೋಡ್ ಮೃಗದ ಗುರುತಾಗಿತ್ತು, ಆಮೇಲೆ ಆಧಾರ್, ಆಮೇಲೆ ಕೋವಿಡ್ ಲಸಿಕೆ. ಪಾಪ, ಮೃಗಕ್ಕೂ ಬಿಡುವಿಲ್ಲ. ಆದರೆ ಆ ವಚನದಲ್ಲಿ ಬರೀ ಹುಚ್ಚಿದೆ ಅಂತ ತಳ್ಳಿಹಾಕೋಕೂ ಆಗುವುದಿಲ್ಲ. ವ್ಯಾಟಿಕನ್ ದಾಖಲೆಯೂ ಅದನ್ನು ನೆನೆಯುತ್ತದೆ, ಶಾಂತವಾಗಿ. ಬೈಬಲಿನ ಕೀರ್ತನೆ 115ರಲ್ಲಿ ವಿಗ್ರಹಗಳಿಗೆ ಬಾಯಿದ್ದರೂ ಮಾತಾಡುವುದಿಲ್ಲ ಅಂತಿದೆ. ಎಐ ಮಾತಾಡುತ್ತದೆ, ಕನಿಷ್ಠ ಮಾತಾಡಿದ ಹಾಗೆ ಮಾಡುತ್ತದೆ, ಹಾಗಾಗಿ ಇದರ ಸೆಳೆತ ಹಳೆಯದಕ್ಕಿಂತ ಜಾಸ್ತಿ ಅನ್ನುತ್ತದೆ. ಅದೇ ಕೀರ್ತನೆಯ ಮುಂದಿನ ಮಾತು ನನ್ನನ್ನು ಹೆಚ್ಚು ಕಾಡುತ್ತದೆ: ಅವುಗಳನ್ನು ಮಾಡುವವರೂ ನಂಬುವವರೂ ಅವುಗಳಂತೆಯೇ ಆಗುತ್ತಾರೆ. ಪಕ್ಕದವರ ದೇವರಮನೆಯ ಕಡೆ ಬೆರಳು ತೋರಿಸೋಕೆ ನಮ್ಮವರು ಈ ಕೀರ್ತನೆಯನ್ನು ಬಹಳ ಬಳಸಿದ್ದಾರೆ, ನನಗದು ಹಿಡಿಸುವುದಿಲ್ಲ. ಅದನ್ನು ನಮ್ಮ ಕಡೆಗೇ ತಿರುಗಿಸಿಕೊಂಡು ಓದುವ ಕಾಲ ಇದು.

ಯಾಕಂದರೆ ಮನುಷ್ಯನನ್ನು ಸಾಮರ್ಥ್ಯದಿಂದ ಅಳೆಯುವುದನ್ನು ನಾವು ಯಂತ್ರದಿಂದ ಕಲಿತಿಲ್ಲ. ಕ್ರೈಸ್ತರು ನಡೆಸುವ ಶಾಲೆಗಳ ಗೇಟಿನ ಮೇಲೆ ನೂರಕ್ಕೆ ತೊಂಬತ್ತೆಂಟು ತೆಗೆದವರ ಫೋಟೋ ಇರುತ್ತದೆ, ಮೂವತ್ತೈದು ತೆಗೆದವನ ಫೋಟೋ ಇರುವುದಿಲ್ಲ. ಸಭೆಯಲ್ಲಿ ದೇವರು ಮಾಡಿದ ಒಳಿತಿಗೆ ಸಾಕ್ಷಿ ಹೇಳು ಅಂತ ಕರೆಯುವುದು ದುಬೈಗೆ ಹೋಗಿಬಂದವನನ್ನು. ನೆನಪು ಹೋದ ಹಿರಿಯರೊಬ್ಬರು ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನದ ಹೊತ್ತಿನಲ್ಲಿ ಜೋರಾಗಿ ಏನೋ ಕೂಗಿದ್ದಕ್ಕೆ, ಮುಂದಿನ ವಾರದಿಂದ ಮನೆಗೇ ಬಂದು ಕೊಡುತ್ತೇವೆ ಅಂತ ಬಹಳ ಪ್ರೀತಿಯಿಂದಲೇ ಹೇಳಿದವರಲ್ಲಿ ನಾನೂ ಒಬ್ಬ. ನಾವೇ ಕೌಶಲ ನೋಡಿ ಮನುಷ್ಯರಿಗೆ ಬೆಲೆ ಕಟ್ಟುತ್ತಿದ್ದೆವು. ಈಗ ನಮಗಿಂತ ಹೆಚ್ಚು ಕೌಶಲದ ಯಂತ್ರ ಬಂದಿದೆ, ನಮಗೆ ದಿಗಿಲಾಗಿದೆ.

ಗೌಡರ ಮುಂದೆ ಕೈಕಟ್ಟಿ ನಿಂತವರ ಮಾತಿಗೆ ಬರುತ್ತೇನೆ ಅಂದಿದ್ದೆ. ಮನುಷ್ಯ ಅಂದರೆ ಯಾರು ಅನ್ನುವ ಪ್ರಶ್ನೆಯನ್ನು ನಮ್ಮ ದೇಶದಲ್ಲಿ ಮೊದಲು ಗಟ್ಟಿಯಾಗಿ ಕೇಳಿದ್ದು ಕಂಪ್ಯೂಟರಿನವರಲ್ಲ. 1980ರ ದಶಕದ ಶುರುವಿಗೆ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ದಲಿತ ದೇವಶಾಸ್ತ್ರಕ್ಕೆ ದಾರಿ ಹಾಕಿದರು. ಮೈ ಮುಟ್ಟಬಾರದು, ನೆರಳು ಬೀಳಬಾರದು ಅನ್ನಿಸಿಕೊಂಡವರು ಆದಿಕಾಂಡದ ಆ ವಚನ ಓದಿದಾಗ ಅದು ಬೇರೆಯೇ ಪುಸ್ತಕ. ಅವರಿಗೆ ಯಂತ್ರ ಮನುಷ್ಯನಾಗುತ್ತದೆಯೇ ಅನ್ನುವುದಕ್ಕಿಂತ ಮೊದಲಿನ ಪ್ರಶ್ನೆ ಒಂದಿದೆ: ನಮ್ಮನ್ನು ಮನುಷ್ಯರ ಲೆಕ್ಕಕ್ಕೆ ತೆಗೆದುಕೊಂಡಿದ್ದು ಯಾವಾಗ? ಹಳೆಯ ಲೆಕ್ಕವನ್ನೇ ಕಲಿತ ಯಂತ್ರ ಹಳೆಯ ಭೇದವನ್ನೂ ಕಲಿಯುತ್ತದೆ. ಹೆಸರು, ಅಡ್ಡಹೆಸರು, ಓಣಿ ನೋಡಿ ಯಾರು ಯಾರು ಅಂತ ಅಂದಾಜು ಮಾಡುವ ವಿದ್ಯೆ ನಮ್ಮ ಊರಿನಲ್ಲಿ ಮೊದಲಿಂದಲೂ ಇತ್ತು, ಈಗ ಅದಕ್ಕೆ ಕರೆಂಟ್ ಕೊಟ್ಟಿದ್ದೇವೆ.

ಹಾಗಂತ ಯಂತ್ರ ಬೇಡ ಅನ್ನುವ ಗುಂಪಿಗೆ ನಾನು ಸೇರಿಲ್ಲ. 1853ರಲ್ಲಿ ಬಾಸೆಲ್ ಮಿಶನ್ ಇಲ್ಲಿಗೆ ಕಳಿಸಿದ ಕಿಟೆಲ್, ಜನರ ಬಾಯಿಂದ, ಹಳಗನ್ನಡದ ಓಲೆಯಿಂದ, ಗಾದೆಯಿಂದ ಪದ ಕೂಡಿಸಿ ಕೂಡಿಸಿ 1894ರಲ್ಲಿ ಸುಮಾರು 70,000 ಪದಗಳ ನಿಘಂಟು ತಂದರು. ಅದೂ ಅಚ್ಚಿನ ಯಂತ್ರದಿಂದಲೇ ನಮ್ಮ ಕೈಗೆ ಬಂದಿದ್ದು. ಆದರೆ ಆ ಪದಗಳ ಹಿಂದೆ ಯಾರನ್ನೋ ಕೇಳಿದ್ದು, ತಪ್ಪು ತಿಳಿದುಕೊಂಡಿದ್ದು, ಮತ್ತೆ ಕೇಳಿದ್ದು ಇದೆ. ಗುರ್ತ ಹತ್ತುವುದರ ಬಗ್ಗೆ ನಾನು ಎಐ ಒಂದನ್ನು ಕೇಳಿ ನೋಡಿದೆ. ಗುರುತನ್ನು ಏರುವುದು ಅಂತ ಅರ್ಥ ಹೇಳಿತು. ತಿದ್ದಿದರೆ ಕ್ಷಮಿಸಿ ಅಂತ ಬಹಳ ವಿನಯದಿಂದ ಹೇಳಿತು.

ಹೋದ ತಿಂಗಳು ನಮ್ಮ ಸಭಾ ಕಮಿಟಿಯಲ್ಲಿ ಈ ವಿಷಯ ಬಂತು. ಒಂದೂವರೆ ತಾಸು ವಾದ. ಪ್ರಕಟಣೆಗಳಿಗೆ, ಅನುವಾದಕ್ಕೆ, ಸಂಡೇ ಸ್ಕೂಲ್ ಕ್ವಿಜ್‌ಗೆ ಎಐ ಬಳಸಬಹುದು ಅಂತ ಒಪ್ಪಿಗೆಯಾಯಿತು. ಮಣ್ಣಿನ ಹೊತ್ತಿನ ಪ್ರಾರ್ಥನೆಗೆ ಬೇಡ ಅಂತಲೂ ಆಯಿತು, ಅದಕ್ಕೆ ಯಾರೂ ವಿರೋಧ ಮಾಡಲಿಲ್ಲ. ಪ್ರಸಂಗದ ವಿಷಯ ಮಾತ್ರ ಇತ್ಯರ್ಥವಾಗಲಿಲ್ಲ. ವಾರಕ್ಕೆ ನಾಲ್ಕು ಕಡೆ ಓಡುವ ಅಯ್ಯನೋರಿಗೆ ಓದೋಕೆ ಒಂದು ದಿನ ಬಿಡುವು ಯಾರು ಕೊಡುತ್ತೀರಿ ಅಂತ ಒಬ್ಬ ಅಕ್ಕ ಕೇಳಿದರು. ಯಾರೂ ಮಾತಾಡಲಿಲ್ಲ. ಅಷ್ಟರಲ್ಲಿ ಖಜಾಂಚಿಯವರು ಕನ್ನಡಕ ಸರಿ ಮಾಡಿಕೊಂಡು, ಈ ಎಐಗೆ ತಿಂಗಳ ಚಂದಾ ಏನಾದರೂ ಕಟ್ಟಬೇಕಾಗುತ್ತದೆಯೇ, ಕಟ್ಟಬೇಕಾದರೆ ಯಾವ ಖಾತೆಯಿಂದ ಅಂತ ಕೇಳಿದರು. ಅದನ್ನು ಮುಂದಿನ ಸಭೆಗೆ ಇಟ್ಟಿದ್ದೇವೆ.